ಸೋಮವಾರದ ಸೂಜಿ, ಹುಂಜದ ಜುಟ್ಟು

ಕೂಟಗಲ್ಲಿನ ನನ್ನ ಸೋದರತ್ತೆ ಪುಟ್ಟತಾಯಮ್ಮನ ಮನೆಯಲ್ಲಿ ಒಂದು ಹಲಸಿನ ಮಣೆಯಿದೆ. ಮೊಳದುದ್ದ, ನಾಲ್ಕು ಬೆರಳೆತ್ತರ. ಮೂವತ್ತು ವರ್ಷ ಅತ್ತೆ ಕೂತೂ ಕೂತೂ ಕನ್ನಡಿಯ ಹಾಗೆ ನುಣುಪಾಗಿದ್ದ ಆ ಮಣೆ, ಎರಡು ಸಾವಿರದ ಇಸವಿ ದಾಟಿದ ಮೇಲೊಂದು ವರ್ಷ ಗೋಡೆಗೊರಗಿ ನಿಂತುಬಿಟ್ಟಿತು. ಅದರ ಬದಲಿಗೆ ಒಂದು ಕೆಂಪು ಪ್ಲಾಸ್ಟಿಕ್ ಕುರ್ಚಿ ಬಂದು ನಡುಮನೆಯಲ್ಲಿ ಮೆರೆಯತೊಡಗಿತು. ಅತ್ತೆಯ ಬಲಮಂಡಿ ಕೈಕೊಟ್ಟಿತ್ತು.

ಮಂಡಿ ಹೋದರೆ ಕುರ್ಚಿಯಲ್ಲಿ ಕೂತರಾಯಿತು, ಅದಕ್ಕೇನಂತೆ ಎನ್ನುತ್ತೀರಾ? ನೀವು ರೇಷ್ಮೆ ಹುಳು ಸಾಕಿದವರಲ್ಲ ಬಿಡಿ. ಹುಳು ಹಣ್ಣಾಗುವ ದಿನ ತಟ್ಟೆಗಳನ್ನೆಲ್ಲ ನೆಲಕ್ಕಿಳಿಸಿ, ಅವುಗಳ ಮುಂದೆ ಕೂತು, ಸೊಪ್ಪು ತಿನ್ನುವುದನ್ನು ಬಿಟ್ಟು ಮೈ ತಿಳಿಯಾದ ಹುಳುಗಳನ್ನಷ್ಟೇ ಆರಿಸಿ, ಅವು ಗೂಡು ಕಟ್ಟಲೆಂದು ಬಿದಿರಿನಲ್ಲಿ ಹೆಣೆದ ಚಂದ್ರಿಕೆಗೆ ಬಿಡಬೇಕು. ಬೇಗ ಬಿಟ್ಟರೆ ಗೂಡು ಜೊಳ್ಳು; ತಡವಾದರೆ ಹುಳು ಕಸದಲ್ಲೇ ನೂಲು ಉಗುಳಿ ಬೆಳೆ ಕೆಡುತ್ತದೆ. ಊರಲ್ಲಿ ಅತ್ತೆಯಂಥ ಕಣ್ಣು ಇನ್ನೊಬ್ಬರಿಗಿರಲಿಲ್ಲ. ಕೈಯಾಳು ಕರೆಯೋಣವೆಂದರೆ, ಬೆಳಗಾಗುವ ಮೊದಲೇ ಗಾರ್ಮೆಂಟ್ಸ್ ವ್ಯಾನು ಬಂದು ಊರಿನ ಹೆಣ್ಣುಮಕ್ಕಳನ್ನೆಲ್ಲ ತುಂಬಿಕೊಂಡು ಹೋಗುತ್ತಿತ್ತು. ಹಿಂದಿನ ಬೆಳೆ ಹಾಗೇ ಅರ್ಧ ಹಾಳಾಗಿತ್ತು. "ಈ ಬೆಳೆನೂ ಹೋದ್ರೆ ಹುಳದ ಮನೆಗೆ ಬೀಗ ಹಾಕ್ಬುಡ್ತೀನಿ ಕಣ್ಲಾ," ಎಂದು ಅತ್ತೆ ಹೇಳಿದ ಮೇಲೆ ನಾನೇ ಅವಳನ್ನು ಡಾಕ್ಟರ ಬಳಿಗೆ ಹೊರಡಿಸಿದೆ.

ರಾಮನಗರದ ಒಂದು ಸಣ್ಣ ಆಸ್ಪತ್ರೆಗೆ ಸೋಮವಾರಕ್ಕೊಮ್ಮೆ ಮೂಳೆಯ ಡಾಕ್ಟರೊಬ್ಬರು ಬರುತ್ತಿದ್ದರು. ಮಂಡಿಯೊಳಗಿನ ಜಿಗುಟು ನೀರು ತೆಳ್ಳಗಾಗಿದೆ, ಹಯಾಲುರೊನಾನ್ ಎಂಬ ಮದ್ದನ್ನು ಸೂಜಿಯಲ್ಲಿ ತುಂಬಿದರೆ ನೋವು ತಗ್ಗಬಹುದು, ಎಲ್ಲರಿಗೂ ಹಿಡಿಯುತ್ತದೆಂದು ಹೇಳಲಾರೆ, ಹಿಡಿದರೂ ಗುಣ ಕಾಣಲು ಎರಡು ವಾರ ಬೇಕು ಎಂದರು. ಚಾಕಿ ಹುಳು, ಅಂದರೆ ಎಳೆಯ ಮರಿಹುಳು, ಆಗಲೇ ಮನೆಗೆ ಬಂದಾಗಿತ್ತು. ಹಣ್ಣಾಗಲು ಇನ್ನು ಮೂರು ವಾರವೂ ಇರಲಿಲ್ಲ. ಹಾಕಿಸಿದರೆ ಅಂದೇ ಹಾಕಿಸಬೇಕು.

ಆಗ ಸುಮ್ಮನಿರಬೇಕಾದ ನಾನು ಬಾಯಿ ತೆರೆದೆ. ಚನ್ನಪಟ್ಟಣದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವನಿಗೆ ಗೊತ್ತಿದ್ದದ್ದನ್ನು ನುಂಗಿಕೊಳ್ಳುವ ಶಕ್ತಿಯನ್ನು ದೇವರು ಕೊಟ್ಟಿಲ್ಲ. "ಅತ್ತೆ, ಈ ಮದ್ದನ್ನ ಎಲ್ಲಿಂದ ತೆಗೀತಾರೆ ಗೊತ್ತಾ? ಹುಂಜದ ಜುಟ್ಟಿನಿಂದ!"

ಅತ್ತೆ ಮಂಚದಿಂದ ಕಾಲು ಕೆಳಗಿಳಿಸಿದಳು. "ಅಯ್ಯೋ ಶಿವನೇ! ಸ್ವಾಮಾರದ ದಿನ ಕೋಳಿನ ಮೈಗೆ ಸೇರುಸ್ಕತೀನಾ? ನಡಿ, ಮನೆಗೋಗವ."

ಸೋಮವಾರ ನಮ್ಮ ಮನೆಗಳಲ್ಲಿ ಬಾಡು ಬೇಯುವುದಿಲ್ಲ; ಅತ್ತೆಗೆ ಅದು ಒಪ್ಪೊತ್ತಿನ ದಿನ. ಮಂಗಳವಾರ ಬನ್ನಿ ಎನ್ನಲು ಡಾಕ್ಟರು ಬರುವುದೇ ಸೋಮವಾರ. ನನ್ನ ನಾಲಿಗೆಯನ್ನು ನಾನೇ ಬೈದುಕೊಳ್ಳುತ್ತ ಹೊರಗಿನ ಬೆಂಚಿನಲ್ಲಿ ಅವಳ ಪಕ್ಕ ಕೂತೆ. ಬೆಳಿಗ್ಗೆ ಶಿವನ ಗುಡಿಗೆ ಹೋಗಿಬಂದ ರೇಷ್ಮೆ ಸೀರೆಯಲ್ಲೇ ಇದ್ದ ಅತ್ತೆ ಸೆರಗಿನ ಅಂಚನ್ನು ಬೆರಳಲ್ಲಿ ಹೊಸೆದು ನೋಡಿದಳು.

"ಲೇ ಮೇಷ್ಟ್ರೇ, ಈ ಸೀರೆ ಯಾತರದ್ಲಾ?"

"ರೇಷ್ಮೇದು."

"ಹುಳಾನ ಬಿಸಿನೀರ್ಗಾಕಿ ಬೇಯ್ಸಿ ತೆಗ್ದಿದ್ದು. ಅದ್ನ ಉಟ್ಕಂಡು ಶಿವನ ಮುಂದೆ ನಿಂತ್ರೆ ಮಡಿ. ಶಿವ ಹುಳಾನೇ ಒಪ್ಕಂಡವ್ನೆ, ಒಸಿ ಜುಟ್ಟಿಗೆ ಬ್ಯಾಡ ಅಂದಾನಾ? ನಡಿ ಒಳಕ್ಕೆ."

ಮೂವತ್ತು ವರ್ಷ ಹುಳು ಸಾಕಿದವಳ ತರ್ಕವಿದು. ನನ್ನ ಪದವಿಗೆ ಹೊಳೆದಿರಲಿಲ್ಲ. ಅತ್ತೆ ಕಣ್ಣುಮುಚ್ಚಿ "ಶಿವ ಶಿವ" ಎನ್ನುತ್ತ ಸೂಜಿ ಚುಚ್ಚಿಸಿಕೊಂಡಳು.

ಆ ಎರಡು ವಾರ ನಾನು ಯೋಚಿಸಿದ್ದೇ ಯೋಚಿಸಿದ್ದು. ಎಷ್ಟು ವರ್ಷಗಳಿಂದ ಕರಿಹಲಗೆಯ ಮೇಲೆ ಜೀವಕೋಶಗಳನ್ನು ಗುಂಡುಗುಂಡಾಗಿ ಬರೆದಿದ್ದೇನೆ! ನಡುವಿನ ಜಾಗವನ್ನು ಖಾಲಿ ಬಿಟ್ಟು, ಮಕ್ಕಳು ಕೇಳಿದರೆ "ಅಲ್ಲೇನಿಲ್ಲ" ಎಂದಿದ್ದೇನೆ. ಇರುವುದೆಲ್ಲ ಅಲ್ಲೇ. ಕೋಶಗಳು ತಾವೇ ನೂತು ಹೊರಗೆ ಹಾಸಿಕೊಂಡ ಎಳೆಗಳ ಜಾಲ, ಆ ಜಾಲದಲ್ಲಿ ನೀರನ್ನು ಹಿಡಿದು ಉಬ್ಬುವ ಹಯಾಲುರೊನಾನ್. ಹುಂಜದ ಜುಟ್ಟು ನೆಟ್ಟಗೆ ನಿಲ್ಲುವುದೂ, ಮಗುವಿನ ಕೆನ್ನೆ ಮೆತ್ತಗಿರುವುದೂ, ಕಣ್ಣಿನ ಗುಡ್ಡೆ ತುಂಬಿಕೊಂಡಿರುವುದೂ ಅದರಿಂದ. ಆ ಎಳೆ ಉದ್ದವಾಗಿರುವಷ್ಟು ದಿನ ಮೈ ಶಾಂತ. ತುಂಡುತುಂಡಾದರೆ ಆ ತುಂಡುಗಳೇ ಉರಿಯೂತವನ್ನು ಕೂಗಿ ಕರೆಯುತ್ತವೆ. ಅದೇ ವಸ್ತು ಕ್ಯಾನ್ಸರ್ ಗಡ್ಡೆಯ ಸುತ್ತ ಅತಿಯಾಗಿ ಸೇರಿದರೆ ಕೆಟ್ಟ ಕೋಶಗಳಿಗೂ ಮರೆಯಾಗುತ್ತದಂತೆ, ಒಳ್ಳೆಯವರ ಮನೆಯಲ್ಲಿ ಕಳ್ಳನಿಗೂ ಜಾಗ ಸಿಕ್ಕ ಹಾಗೆ. ಮನೆಯೆಂದರೂ ಊರೆಂದರೂ ಹೀಗೇ ಅಲ್ಲವೇ? ನಾವು ಮನುಷ್ಯರನ್ನು ಎಣಿಸುತ್ತೇವೆ, ಅವರ ನಡುವೆ ಇರುವುದನ್ನು ಮರೆಯುತ್ತೇವೆ. ಆಚೆಮನೆಯ ಹೆಣ್ಣುಮಕ್ಕಳು ಈಚೆಮನೆಯ ಹುಳು ಆರಿಸಲು ಕರೆಯದೆಯೇ ಬರುತ್ತಿದ್ದ ಕಾಲವನ್ನು ಅತ್ತೆ ಕಂಡಿದ್ದಳು. ವ್ಯಾನಿನಲ್ಲಿ ಹೋಗುವವರನ್ನು ಅವಳು ಬೈಯಲಿಲ್ಲ. ಅವರವರ ದುಡಿಮೆ ಅವರಿಗೆ ಎನ್ನುತ್ತಿದ್ದಳು.

ಹುಳು ಹಣ್ಣಾದ ದಿನ ನಾನು ಕೂಟಗಲ್ಲಿಗೆ ಓಡಿದೆ. ಒಳಗೆ ಕಾಲಿಟ್ಟೊಡನೆ ಗೋಡೆಯತ್ತ ನೋಡಿದೆ. ಗೋಡೆಯ ಬಳಿ ಮಣೆಯಿರಲಿಲ್ಲ. ಹುಳದ ಮನೆಯ ನಡುವೆ, ತಟ್ಟೆಗಳ ಮುಂದೆ, ಬಲಗಾಲನ್ನು ಮಾತ್ರ ಕೊಂಚ ನೀಡಿಕೊಂಡು ಅತ್ತೆ ಮಣೆಯ ಮೇಲೆ ಕೂತಿದ್ದಳು. ಒಂದು ಹುಳುವನ್ನು ಬೆಳಕಿಗೆ ಹಿಡಿದು, ಮೆಚ್ಚಿ, ಚಂದ್ರಿಕೆಗೆ ಬಿಟ್ಟಳು. ಆ ದಿನ ವಾರದ ರಜೆಯಿದ್ದ ಗಾರ್ಮೆಂಟ್ಸ್ ಹುಡುಗಿಯರಿಬ್ಬರು ಅವಳ ಎಡಬಲದಲ್ಲಿ ಕೂತು ಹುಳು ನೋಡುವುದನ್ನು ಕಲಿಯುತ್ತಿದ್ದರು. ನನಗೆ ಕುಣಿಯಬೇಕೆನ್ನಿಸಿತು; ಮೇಷ್ಟ್ರೆಂದು ಸುಮ್ಮನಾದೆ.

ಕೂರೋಣವೆಂದು ನಡುಮನೆಗೆ ಬಂದರೆ ಕೆಂಪು ಕುರ್ಚಿ ಖಾಲಿಯಿರಲಿಲ್ಲ. ಮನೆಯ ಹುಂಜ ಅದರ ಮೇಲೇರಿ, ಜುಟ್ಟು ನಿಗುರಿಸಿಕೊಂಡು, ಯಜಮಾನನ ಹಾಗೆ ಕೂತಿತ್ತು. ಓಡಿಸಲು ಕೈಯೆತ್ತಿದೆ.

"ಬುಡ್ಲಾ ಅವುನ್ನ," ಒಳಗಿಂದ ಅತ್ತೆ ಕೂಗಿದಳು. "ಕುರ್ಚಿ ಇನ್ ಅವುಂದೇ. ನೀನು ಬಾ, ನೆಲದ ಮ್ಯಾಲ್ ಕೂತ್ಕಂಡು ಹುಳ ಆರ್ಸು."