ಐವಿ ಬರೆದ ರೆಕ್ಕೆ

ಕೆಟ್ಟ ತಗಡನ್ನು ಡೆಸ್ಮಂಡ್ ವಿಟ್ಲಾಕ್ ಹಾಗೇ ಬಿಸಾಡುತ್ತಿರಲಿಲ್ಲ. ಮೊದಲು ಅದರ ಮೇಲೆ ಕೆಂಪು ಬಣ್ಣದಲ್ಲಿ ದೊಡ್ಡದಾಗಿ ಕಾಟು ಹೊಡೆಯುತ್ತಿದ್ದ. ಆಮೇಲೆ ಕತ್ತರಿ ಹಾಕಿ ತುಂಡು ಮಾಡುತ್ತಿದ್ದ. ಗುಜರಿ ತೊಟ್ಟಿಗೆ ಹೋಗುವುದು ಆ ನಂತರವೇ. ಹಳೆಯ ಯುದ್ಧವಿಮಾನಗಳನ್ನು ದುರಸ್ತಿ ಮಾಡಿ ಮತ್ತೆ ಹಾರಿಸುವವರಲ್ಲಿ ಇದು ಕಟ್ಟಳೆ. ಇಡಿಯಾಗಿ ಬಿಟ್ಟರೆ ಯಾವನೋ ಒಬ್ಬ ಎಂದೋ ಒಂದು ದಿನ ಅದಕ್ಕೆ ಬಣ್ಣ ಬಳಿದು ಮತ್ತೆ ವಿಮಾನಕ್ಕೆ ಕೂರಿಸುತ್ತಾನೆ, ಅದು ಆಕಾಶದಲ್ಲಿ ಕಿತ್ತುಕೊಂಡು ಬರುತ್ತದೆ. ಬೇರೆ ಹ್ಯಾಂಗರುಗಳಲ್ಲಿ, ಅಂದರೆ ವಿಮಾನ ನಿಲ್ಲಿಸುವ ಶೆಡ್ಡುಗಳಲ್ಲಿ, ಈ ಕೆಲಸವನ್ನು ವಾರಕ್ಕೊಮ್ಮೆ ಒಟ್ಟಿಗೆ ಮಾಡಿ ಮುಗಿಸುತ್ತಿದ್ದರು. ಡೆಸ್ ಮಾತ್ರ ತಗಡು ಕೈಯಿಂದ ಕೆಳಗಿಳಿಯುವ ಮೊದಲೇ ಮಾಡುತ್ತಿದ್ದ. ಅದು ಅವನ ಹೆಮ್ಮೆ.

ಸಾಲ್ಸ್‌ಬರಿ ಊರಿನ ಆಚೆ, ಕುರಿ ಮೇಯುವ ಬೋಳು ಬಯಲಿನ ನಡುವೆ, ಯುದ್ಧಕಾಲದ ಹಳೇ ವಿಮಾನದಾಣವೊಂದರಲ್ಲಿ ಅವರ ಹ್ಯಾಂಗರ್ ಇತ್ತು. ಡೆಸ್ ಅಲ್ಲಿಗೆ ಬರುವ ಮೊದಲು ಬಸ್ಸುಗಳ ಮೈ ಬಡಿಯುತ್ತಿದ್ದ. ಬಸ್ಸುಗಳಿಗೆ ಪ್ಲಾಸ್ಟಿಕ್ಕಿನ ಮೈ ಬಂದ ಮೇಲೆ ತಗಡು ಬಡಿಯುವವರನ್ನು ಕೇಳುವವರಿರಲಿಲ್ಲ. ಹೆಂಡತಿ ಪಾಲೀನ್ ತೀರಿಕೊಂಡ ಮೇಲೆ ಭಾನುವಾರವೂ ಹ್ಯಾಂಗರಿಗೆ ಬರತೊಡಗಿದ. ಚೀಸ್-ಉಪ್ಪಿನಕಾಯಿಯ ಸ್ಯಾಂಡ್‌ವಿಚ್ ತಂದು, ರೆಕ್ಕೆಯ ಪಕ್ಕದಲ್ಲೇ ನಿಂತು ತಿನ್ನುತ್ತಿದ್ದ.

ಆ ವರ್ಷ ಅವರ ಕೈಯಲ್ಲಿದ್ದದ್ದು ಒಂದು ಸ್ಪಿಟ್‌ಫೈರ್ ಯುದ್ಧವಿಮಾನ. ಯುದ್ಧ ಮುಗಿದ ಮೇಲೆ ವಾಯುಪಡೆಯವರು ಅದನ್ನು ಒಂದು ಠಾಣೆಯ ಬಾಗಿಲಿಗೆ ಅಲಂಕಾರಕ್ಕೆ ನಿಲ್ಲಿಸಿದ್ದರು. ಮಳೆಯಲ್ಲಿ ನೆನೆದು ನೆನೆದು ಒಳಗಿನಿಂದ ಬೂದಿಯಾಗಿತ್ತು. ತಗಡನ್ನು ಹಿಡಿದಿಡುವ ಮೊಳೆಗಳು, ಆ ರಿವೆಟ್ಟುಗಳು, ಬೆರಳಿಗೆ ಪುಡಿಯಾಗುತ್ತಿದ್ದವು. ಹಳೆಯ ತಗಡನ್ನು ಬಿಚ್ಚಿ, ಅದರ ಅಚ್ಚನ್ನು ಹೊಸದರ ಮೇಲೆ ಗೀಚಿಕೊಂಡ ಕೂಡಲೇ ಹಳೆಯದಕ್ಕೆ ಕೆಂಪು ಕಾಟು, ಆಮೇಲೆ ಹೊಸದನ್ನು ಬಡಿಯುವುದು. ಹೀಗೆ ಎಡರೆಕ್ಕೆಯ ಮೇಲ್ಮೈ ಪೂರ್ತಿ ಹೊಸದಾಯಿತು, ಬಲರೆಕ್ಕೆಯದು ಮುಕ್ಕಾಲು. ಮೈಯಲ್ಲೂ ಹಳೆಯದೆಂದು ತೋರಿಸಲು ಹೆಚ್ಚೇನೂ ಉಳಿದಿರಲಿಲ್ಲ. ಪೈಲಟ್ ಕೂರುವ ಜಾಗದ ಹಿಂದೆ ಅಂಗೈಯಗಲದ ಹಿತ್ತಾಳೆ ಫಲಕವೊಂದಿತ್ತು, ಅದರ ಮೇಲೆ ವಿಮಾನದ ಸಂಖ್ಯೆ. ಆ ಫಲಕ ಇರುವ ತನಕ ಅದು ಅದೇ ವಿಮಾನ. ಹಾಗಂತ ಎಲ್ಲರೂ ಒಪ್ಪಿಕೊಂಡಿದ್ದರು.

ಶನಿವಾರಗಳಂದು ನೋಡಲು ಬಂದವರು ಕೇಳುತ್ತಿದ್ದರು: "ಇದು ಅಸಲೀದೇನಾ?"

"ಅದೇ ವಿಮಾನ," ಎನ್ನುತ್ತಿದ್ದ ಡೆಸ್. ಆ ಮಾತು ಅವನಿಗೆ ಎಂದೂ ಸುಳ್ಳೆನಿಸಿರಲಿಲ್ಲ.

ಅಕ್ಟೋಬರಿನ ಅಂಥದೊಂದು ಶನಿವಾರ ಮ್ಯೂರಿಯಲ್ ಕೋಬ್ ಬಂದಳು. ಎಪ್ಪತ್ತು ದಾಟಿದ ಹೆಂಗಸು, ಬಸ್ಸಿಳಿದು ಮಳೆಯಲ್ಲೇ ನಡೆದು ಬಂದಿದ್ದಳು, ತಲೆಗೆ ಪ್ಲಾಸ್ಟಿಕ್ ಟೊಪ್ಪಿ. ಕೈಚೀಲದಲ್ಲಿ ಹಂದಿಕೊಬ್ಬು ಹಾಕಿ ಬೇಯಿಸಿದ ಲಾರ್ಡಿ ಕೇಕು. ನೋಡುವವರಿಗೆಂದು ಕಟ್ಟಿದ್ದ ಹಗ್ಗದ ಆಚೆ ನಿಲ್ಲದೆ ಸೀದಾ ರೆಕ್ಕೆಯ ಹತ್ತಿರ ಬಂದು ರಿವೆಟ್ ಸಾಲಿನ ಮೇಲೆ ಹೆಬ್ಬೆರಳು ಓಡಿಸಿದಳು.

"ಪರವಾಗಿಲ್ಲ," ಎಂದಳು. "ನಮ್ಮ ಮೇಸ್ತ್ರಿ ಇದ್ದಿದ್ರೆ ಈ ಎರಡನ್ನ ಕೀಳಿಸ್ತಿದ್ದ."

ಡೆಸ್ ನಕ್ಕ. "ನಾನೂ ಕೀಳಬೇಕು ಅಂತಲೇ ಇದ್ದೆ. ನೀವೂ ಇದೇ ಕೆಲಸ ಮಾಡಿದೋರಾ?"

"ಯುದ್ಧದಲ್ಲಿ, ಹದಿನೇಳು ವರ್ಷಕ್ಕೆ ಶುರು. ಊರೊಳಗಿನ ಬಸ್ ಗ್ಯಾರೇಜಲ್ಲಿ. ಸೌತಾಂಪ್ಟನ್ ವಿಮಾನ ಕಾರ್ಖಾನೆ ಮೇಲೆ ಬಾಂಬ್ ಬಿದ್ದ ಮೇಲೆ ಕೆಲಸಾನೆಲ್ಲ ಇಲ್ಲಿಗೆ ಹಂಚಿದ್ರಲ್ಲ. ಹೊರಗಡೆ ಸುತ್ತಿಗೆ ನಂದು. ಒಳಗಡೆ ಗಟ್ಟಿ ಹಿಡಿಯೋದು ನಮ್ಮ ಐವಿ. ನನ್ನ ತಂಗಿ. ಅವಳ ಕೈ ಸಣ್ಣದು, ಬೆಕ್ಕಿನ ಪಂಜದ ಹಂಗೆ. ಎಲ್ಲಿ ಬೇಕಾದ್ರೂ ತೂರ್ತಿತ್ತು."

ರಿವೆಟ್ ಬಡಿಯಲು ಇಬ್ಬರು ಬೇಕು. ಹೊರಗಿನವರು ಬಡಿದಾಗ ಒಳಗಿನವರು ಕಬ್ಬಿಣದ ಗಟ್ಟಿಯೊಂದನ್ನು ರಿವೆಟ್ಟಿನ ಬಾಲಕ್ಕೆ ಒತ್ತಿ ಹಿಡಿಯಬೇಕು, ಆಗ ಬಾಲ ಚಪ್ಪಟೆಯಾಗಿ ಕಚ್ಚಿಕೊಳ್ಳುತ್ತದೆ. ನಡುವೆ ತಗಡು. ಒಬ್ಬರ ಮುಖ ಒಬ್ಬರಿಗೆ ಕಾಣದು, ಗದ್ದಲದಲ್ಲಿ ಕೂಗಿದರೂ ಕೇಳದು. ಹಾಗಾಗಿ ತಟ್ಟಿ ಮಾತಾಡುತ್ತಿದ್ದರು.

"ನಾನು ಮೂರು ಸಲ ತಟ್ಟಿದ್ರೆ, ಇದ್ದೀಯೇನೇ ಅಂತ," ಎಂದಳು ಮ್ಯೂರಿಯಲ್. "ಅವಳು ಎರಡು ತಟ್ಟಿದ್ರೆ, ಇದ್ದೀನಿ ಕಣೇ ಅಂತ. ಬೆಳಗಿಂದ ಸಂಜೆ ತಂಕ ಅದೇ ಕತೆ." ಆಮೇಲೆ ಬಂದ ವಿಷಯಕ್ಕೆ ಬಂದಳು. "ಅವಳಿಗೊಂದು ಚಟ ಇತ್ತು. ಕೆಲಸ ಮುಗಿದಾಗ ರೆಕ್ಕೆ ಒಳಗೆ, ಮುಂಚೂಣಿ ತಗಡಿನ ಹಿಂದುಗಡೆ, ಪೆನ್ಸಿಲಲ್ಲಿ ಏನಾದ್ರೂ ಗೀಚೋಳು. ಮೇಸ್ತ್ರಿಗೆ ಗೊತ್ತಾಗಿದ್ರೆ ಚರ್ಮ ಸುಲೀತಿದ್ದ. ನಲವತ್ಮೂರನೇ ಇಸವೀಲಿ ಅವಳಿಗೆ ಕ್ಷಯ ಆಯ್ತು, ಹೋದ್ಲು. ನಮ್ಮಮ್ಮ ರೋಗ ಅಂಟುತ್ತೆ ಅಂತ ಹಾಸಿಗೆ, ಬಟ್ಟೆ, ಪುಸ್ತಕ, ಎಲ್ಲಾ ಹಿತ್ತಲಲ್ಲಿ ಸುಟ್ಟಾಕಿದ್ಲು. ಅವಳ ಕೈಬರಹ ಅಂತ ಒಂದಕ್ಷರ ಉಳೀಲಿಲ್ಲ. ಈ ವಿಮಾನ ನಮ್ಮ ಗ್ಯಾರೇಜಿಂದು ಅಂತ ಪೇಪರಲ್ಲಿ ಓದಿದೆ. ನೀವು ಬಿಚ್ಚಿದಾಗ ಏನಾದ್ರೂ ಕಂಡ್ತಾ?"

ಆಕೆ ಕೊಟ್ಟಿದ್ದ ಕೇಕಿನ ತುಂಡನ್ನು ಡೆಸ್ ಬೆಂಚಿನ ಮೇಲಿಟ್ಟ.

ಕಂಡಿತ್ತು. ಬೇಸಿಗೆಯಲ್ಲಿ ಎಡರೆಕ್ಕೆಯ ಮುಂಚೂಣಿ ತಗಡನ್ನು, ಗಾಳಿ ಸೀಳುವ ಮುಂದಿನ ಅಂಚಿನದನ್ನು, ಬಿಚ್ಚಿ ಬೆಳಕಿಗೆ ಹಿಡಿದಾಗ ಒಳಬದಿಯಲ್ಲಿ ಪೆನ್ಸಿಲ್ ಗೆರೆಗಳಿದ್ದವು. "ಐವಿ. ಇವತ್ತು ಬೆರಳೆಲ್ಲ ಮರಗಟ್ಟಿತು." ಓದಿ, ಪಾಪದ ಹುಡುಗಿ ಅಂದುಕೊಂಡ. ತಗಡಿನ ಅಚ್ಚನ್ನು ಹೊಸದರ ಮೇಲೆ ಗೀಚಿಕೊಂಡ. ಆಮೇಲೆ ಕೈ ತನ್ನ ಅಭ್ಯಾಸದಂತೆ ಕುಂಚ ತೆಗೆದುಕೊಂಡಿತು, ಕತ್ತರಿ ತೆಗೆದುಕೊಂಡಿತು. ಗುಜರಿಯವನ ಲಾರಿ ಆಗಲೇ ಎಷ್ಟೋ ಸಲ ಬಂದುಹೋಗಿತ್ತು.

"ನೋಡಿ ಹೇಳ್ತೀನಿ, ಮಿಸೆಸ್ ಕೋಬ್," ಎಂದ. "ಹಳೇ ತಗಡೆಲ್ಲ ಹುಡುಕಬೇಕು."

ಆಕೆ ಅವನ ತೋಳು ಹಿಡಿದಳು. "ಹುಡುಕಪ್ಪಾ. ಅವಸರ ಇಲ್ಲ. ಇಷ್ಟು ವರ್ಷ ಕಾದಿದ್ದೀನಿ."

ಹ್ಯಾಂಗರಿನ ಹೊಣೆ ನೈಜೆಲ್ ಥರ್ಲೋ ಎಂಬವನದು. ಧಡೂತಿ ಆಳು, ಮೃದು ಮನಸ್ಸು, ಯಾರೂ ಬೇಸರಪಟ್ಟುಕೊಂಡು ಹೋಗಬಾರದು ಅವನಿಗೆ. ಸೋಮವಾರ ಡೆಸ್ ಹೇಳಿದ್ದನ್ನೆಲ್ಲ ಕೇಳಿ, ಶುಂಠಿ ಬಿಸ್ಕತ್ತನ್ನು ಚಹಾಕ್ಕೆ ಅದ್ದಿ ತಿಂದು, ಎಂದ: "ಬರೆದುಬಿಡು."

"ಏನು ಬರೀಲಿ?"

"ಅದನ್ನೇ. ಹೊಸ ತಗಡಿನ ಒಳಗೆ. ಏನಿತ್ತು ಅಂತ ನಿಂಗೆ ನೆನಪಿದೆಯಲ್ಲ."

"ಮಾತು ನೆನಪಿದೆ. ಕೈಬರಹ ನೆನಪಿಲ್ಲ. ಇದ್ದಿದ್ರೂ ಬರೀತಿರಲಿಲ್ಲ. ಮೋಸ ಅದು."

"ಓಹೋ!" ನೈಜೆಲ್ ರೆಕ್ಕೆಯತ್ತ ಬೆರಳು ಮಾಡಿದ. "ಆ ತಗಡು ಯಾರದು? ನಿಂದು. ಆ ರಿವೆಟ್ಟು? ಹೋದ ತಿಂಗಳದ್ದು. ಶನಿವಾರ ಬಂದೋರಿಗೆಲ್ಲ ಅದೇ ವಿಮಾನ, ಅದೇ ವಿಮಾನ ಅಂತ ಯಾರು ಹೇಳೋದು? ಅಂಗೈಯಗಲ ಫಲಕ ಇಟ್ಕೊಂಡು ಇಡೀ ವಿಮಾನಾನೇ ಹೊಸದಾಗಿ ಮಾಡಿದ್ಯಲ್ಲೋ. ಅದು ಮೋಸ ಅಲ್ಲ, ಒಂದು ಗೆರೆ ಪೆನ್ಸಿಲು ಮೋಸ?"

ಎರಡೂ ಒಂದೇ ಅಲ್ಲವೆಂದು ಡೆಸ್‌ಗೆ ಖಾತ್ರಿಯಿತ್ತು, ಏಕೆಂದು ಮಾತ್ರ ಹೇಳಲಾಗಲಿಲ್ಲ. "ನಾನು ಬರೆಯಲ್ಲ. ಮಿಸೆಸ್ ಕೋಬ್‌ಗೆ ನಿಜಾನೇ ಹೇಳ್ತೀನಿ," ಎಂದಷ್ಟೇ ಎಂದ.

"ಏನಂತ? ನಿನ್ನ ತಂಗೀನ ನಿಮ್ಮಮ್ಮ ಒಂದ್ಸಲ ಸುಟ್ಟಳು, ನಾನೊಂದ್ಸಲ ಕತ್ತರಿಸಿದೆ ಅಂತಾನಾ? ಹೇಳು ಹೋಗು."

ಅವನು ಹೇಳಲು ಹೋಗಲಿಲ್ಲ. ಫೋನಿನ ಮುಂದೆ ಕೂತು ಎದ್ದು ಬಂದ. ನಾಳೆ ಎಂದುಕೊಂಡ, ವಾರ ಕಳೆಯಲಿ ಎಂದುಕೊಂಡ. ಅಷ್ಟರಲ್ಲಿ ನೈಜೆಲ್ಲೇ ಆಕೆಗೆ ಫೋನ್ ಮಾಡಿ ಬರಹೇಳಿದ್ದ.

ನವೆಂಬರಿನ ಒಂದು ಮಧ್ಯಾಹ್ನ ಆಕೆ ಬಂದಳು. ಒಳ್ಳೆಯ ಕೋಟು ಹಾಕಿಕೊಂಡಿದ್ದಳು, ತುಟಿಗೆ ಬಣ್ಣ. ಎಡರೆಕ್ಕೆಯ ಅಡಿಯಲ್ಲಿ ಕೈ ಹೋಗುವಷ್ಟು ತೂತೊಂದಿತ್ತು, ಕೆಲಸ ಮುಗಿದ ಮೇಲೆ ಅದಕ್ಕೆ ಮುಚ್ಚಳ ಬೀಳುತ್ತದೆ. ನೈಜೆಲ್ ಟಾರ್ಚು ಮತ್ತು ಪುಟ್ಟ ಕನ್ನಡಿ ಹಿಡಿದು ಆಕೆಯನ್ನು ಸ್ಟೂಲಿನ ಮೇಲೆ ಕೂರಿಸಿದ. ಅವನು ಏನು ಮಾಡಿದ್ದಾನೆಂದು ಡೆಸ್‌ಗೆ ಆಗಲೇ ತಿಳಿದದ್ದು. ತಡೆಯಲು ಒಂದು ಹೆಜ್ಜೆ ಮುಂದಿಟ್ಟ. ಆಕೆ ಕನ್ನಡಕ ಏರಿಸಿ ಕನ್ನಡಿಯೊಳಕ್ಕೆ ನೋಡುತ್ತಿದ್ದಳು, ತುಟಿ ಅಕ್ಷರ ಕೂಡಿಸುತ್ತಿತ್ತು. ಅವನು ನಿಂತುಬಿಟ್ಟ.

ಬಹಳ ಹೊತ್ತು ನೋಡಿದಳು. ಆಮೇಲೆ ಬೆರಳು ತೂರಿಸಿ ಆ ಜಾಗವನ್ನು ಮುಟ್ಟಲು ಹವಣಿಸಿದಳು. ಎಟುಕಲಿಲ್ಲ.

"ಬೆರಳು ಮರಗಟ್ಟಿತು," ಎಂದಳು. "ಹೌದು. ಆ ಗ್ಯಾರೇಜಲ್ಲಿ ಒಲೆ ಇರಲಿಲ್ಲ." ನೈಜೆಲ್‌ನತ್ತ ನೋಡದೆ ಡೆಸ್‌ನತ್ತ ತಿರುಗಿದಳು. "ನೀನೇ ನೋಡಿದ್ದಾ ಇದನ್ನ? ನಿನ್ನ ಕಣ್ಣಾರೆ?"

"ನೋಡಿದೆ, ಮಿಸೆಸ್ ಕೋಬ್."

ಅದು ನಿಜವೇ. ಹೇಳುವಾಗ ಕಸಿವಿಸಿಯಾದದ್ದೂ ಅದು ನಿಜವಾಗಿದ್ದಕ್ಕೇ.

ಆಕೆ ತಲೆಯಾಡಿಸಿದಳು. ಮುಖದಲ್ಲಿ ಸಂತೋಷವಿತ್ತೋ ಇಲ್ಲವೋ ಡೆಸ್‌ಗೆ ಗೊತ್ತಾಗಲಿಲ್ಲ. ಕೋಟು ಬಿಚ್ಚಿ ಸ್ಟೂಲಿನ ಮೇಲಿಟ್ಟು ಎಂದಳು: "ಒಂದು ರಿವೆಟ್ ಬಡೀಲಾ? ಬಿಡ್ತೀರಾ?"

ನೈಜೆಲ್ ಹಿಗ್ಗಿಹೋದ. ಮುಂಚೂಣಿಯ ಕೊನೆಯ ಸಾಲಿನಲ್ಲಿ ಕೆಲವು ತೂತುಗಳು ಇನ್ನೂ ಖಾಲಿ ಇದ್ದವು. ಸುತ್ತಿಗೆಯನ್ನು ಆಕೆಯ ಕೈಗೆ ಕೊಟ್ಟ. ಡೆಸ್ ರೆಕ್ಕೆಯ ಬುಡದ ಕಡೆಯಿಂದ ಭುಜದವರೆಗೆ ಕೈ ತೂರಿಸಿ, ಕೆನ್ನೆಯನ್ನು ತಗಡಿಗೆ ಒತ್ತಿಕೊಂಡು, ಕಬ್ಬಿಣದ ಗಟ್ಟಿ ಹಿಡಿದ. ಅಲ್ಲಿಂದ ಆಕೆ ಕಾಣುತ್ತಿರಲಿಲ್ಲ. ಒಳಗೆ ಎಣ್ಣೆಯ ವಾಸನೆ, ಹೊಸ ಬಣ್ಣದ ವಾಸನೆ.

ಆಕೆ ಬಡಿದಳು. ವಯಸ್ಸಾದರೂ ಪೆಟ್ಟು ನೇರ ಬಿತ್ತು. ಗಟ್ಟಿಯ ಕೆಳಗೆ ರಿವೆಟ್ಟಿನ ಬಾಲ ಮೆತ್ತಗೆ ಹರಡಿಕೊಂಡಿತು. ಒಳ್ಳೆಯ ರಿವೆಟ್ಟು.

ಆಮೇಲೆ ಹೊರಗೆ ಸದ್ದು ನಿಂತಿತು. ಅವನ ಕೆನ್ನೆಯ ಹತ್ತಿರವೇ, ತಗಡಿನ ಆ ಬದಿಯಲ್ಲಿ, ಬೆರಳ ಗೆಣ್ಣಿನ ಸದ್ದು. ಟಕ್, ಟಕ್, ಟಕ್.

ಇದ್ದೀಯೇನೇ?

ಗಟ್ಟಿ ಅವನ ಕೈಯಲ್ಲೇ ಇತ್ತು. ಎರಡು ಸಲ ತಾಗಿಸಿದರೆ ಮುಗಿಯುತ್ತಿತ್ತು. ಹೊರಗೆ ನೈಜೆಲ್ ತಟ್ಟೋ ಮಾರಾಯಾ ಎಂದು ಮನಸ್ಸಿನಲ್ಲೇ ಬೇಡುತ್ತಿರುತ್ತಾನೆ. ತಗಡು ತನ್ನದು, ಅಕ್ಷರ ನೈಜೆಲ್‌ನದು. ಉತ್ತರವೂ ತನ್ನದೇ ಆದರೆ ಆ ಹುಡುಗಿಯದು ಅಂತ ಉಳಿಯುವುದೇನು? ಕಬ್ಬಿಣವನ್ನು ಎದೆಗೆ ಎಳೆದುಕೊಂಡ, ತಪ್ಪಿಯೂ ತಾಗದಿರಲೆಂದು.

ಮತ್ತೆ ಮೂರು ಸಲ ತಟ್ಟಿದಳು, ಮೊದಲಿಗಿಂತ ಮೆಲ್ಲಗೆ. ಅವನು ಅಲುಗಾಡಲಿಲ್ಲ.

"ಐವಿ ಯಾವತ್ತೂ ತಡ ಮಾಡ್ತಿರಲಿಲ್ಲ," ಎಂದಿತು ತಗಡಿನಾಚೆಯ ದನಿ.

ಅವನು ಕೈ ಬಿಡಿಸಿಕೊಂಡು ಬರುವಷ್ಟರಲ್ಲಿ ಆಕೆ ಕೋಟು ತೊಟ್ಟು ಗುಂಡಿ ಹಾಕಿಕೊಳ್ಳುತ್ತಿದ್ದಳು. ನೈಜೆಲ್ ಕೆಂಪಗಾಗಿ ನೆಲ ನೋಡುತ್ತಿದ್ದ.

"ಅದು ಅವಳು ಬರೆದದ್ದಲ್ಲ. ನಿಜವಾದದ್ದು ಎಲ್ಲಿದೆ?" ಎಂದು ಕೇಳಿದಳು. ಸಿಟ್ಟಿರಲಿಲ್ಲ.

"ಕತ್ತರಿಸಿದೆ," ಎಂದ ಡೆಸ್. "ಓದಿ, ಆಮೇಲೆ ಕತ್ತರಿಸಿದೆ. ಕೆಟ್ಟ ತಗಡನ್ನ ನಾವು ಇಡೋದಿಲ್ಲ."

"ಮಾತು ಅದೇನಾ? ಬೆರಳು ಮರಗಟ್ಟಿದ್ದು?"

"ಮಾತು ಅದೇ. ಆಣೆ ಮಾಡ್ತೀನಿ."

"ಬೇಡ," ಎಂದಳು ಆಕೆ. "ಇನ್ನು ನೀನು ಏನು ಹೇಳಿದ್ರೂ ಒಂದೇ ಕಣಪ್ಪಾ." ಪ್ಲಾಸ್ಟಿಕ್ ಟೊಪ್ಪಿ ಕಟ್ಟಿಕೊಂಡಳು. ಕಾರಿನಲ್ಲಿ ಬಿಟ್ಟುಬರುತ್ತೇನೆಂದು ನೈಜೆಲ್ ಅಂದದ್ದಕ್ಕೆ ಬಸ್ಸಿದೆ ಎಂದಳು.

ಆಕೆ ಹೋದ ಮೇಲೆ ಡೆಸ್ ಚಿಂದಿಗೆ ಸ್ಪಿರಿಟ್ ಹಾಕಿಕೊಂಡು, ತೂತಿನೊಳಗೆ ಕೈ ತೂರಿಸಿ, ಕಣ್ಣಿಗೆ ಕಾಣದ ಆ ಸಾಲನ್ನು ಉಜ್ಜಿ ತೆಗೆದ. ನೈಜೆಲ್ ಬೇಡವೆನ್ನಲಿಲ್ಲ. ಆಕೆ ಬಡಿದ ರಿವೆಟ್ಟನ್ನು ಮಾತ್ರ ಇಬ್ಬರೂ ಮುಟ್ಟಲಿಲ್ಲ.

ಮೇ ತಿಂಗಳಲ್ಲಿ ವಿಮಾನ ಹಾರಿತು. ಮಿಸೆಸ್ ಕೋಬ್‌ಗೆ ಕರೆ ಹೋಗಿತ್ತು, ಬರಲಿಲ್ಲ. ಧ್ವನಿವರ್ಧಕದಲ್ಲಿ ಯಾರೋ ಅದರ ಸಂಖ್ಯೆಯನ್ನೂ ಚರಿತ್ರೆಯನ್ನೂ ಹೇಳುತ್ತಿದ್ದರು. ಬೇಲಿಯ ಹತ್ತಿರ ನಿಂತಿದ್ದ ಒಬ್ಬ ಡೆಸ್‌ನ ಎಣ್ಣೆಗಪ್ಪು ಕೈ ನೋಡಿ ಕೇಳಿದ: "ಅದು ಅಸಲೀದೇನಾ?"

ವಿಮಾನ ತಿರುಗಿ ಎಡರೆಕ್ಕೆಯನ್ನು ಅವರತ್ತ ವಾಲಿಸಿತು.

"ರಿವೆಟ್ಟುಗಳಲ್ಲಿ ಒಂದು ಅಸಲೀದು," ಎಂದ ಡೆಸ್. ಆ ಮನುಷ್ಯ ತಮಾಷೆಯೆಂದುಕೊಂಡು ನಕ್ಕ.