ಮೂಗು ಮುರಿಯುವ ಕಾಕು

ಕಾಕು ಮೂಗು ಮುರಿದಾಗ ಆಕೆಯ ನತ್ತು ಸರಿದು ಮೇಲ್ತುಟಿಗೆ ತಾಗುತ್ತಿತ್ತು. ತಾಗಿ ತಾಗಿ ಅಲ್ಲೊಂದು ಸಣ್ಣ ಕಪ್ಪು ಗುರುತೇ ಬಿದ್ದಿತ್ತು. ಆಕೆ ಅಷ್ಟು ಮೂಗು ಮುರಿಯುತ್ತಿದ್ದಳು. ದಾಂಡೇಲಿಯ ಚಾಳಿನಲ್ಲಿ ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆ ಆಕೆಯದು. ಚಿಕ್ಕಮ್ಮನಿಗೆ ಕಾಕು ಎನ್ನುವ ಬೆಳಗಾವಿ ಕಡೆಯವಳಾದ್ದರಿಂದ ಎಲ್ಲರಿಗೂ ಕಾಕು. ಅವಳ ಗಂಡನೂ ನನ್ನ ಗಂಡನೂ ಕಾಗದದ ಗಿರಣಿಯಲ್ಲಿ ಒಂದೇ ಪಾಳಿಯವರು.

ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ಆ ಊರೆಂದರೆ ಹೊಟ್ಟೆ ತೊಳಸುತ್ತಿತ್ತು. ಬಿದಿರು ಬೇಯುವ ವಾಸನೆ ಅನ್ನದಲ್ಲಿ, ಹಾಸಿಗೆಯಲ್ಲಿ, ಗಂಡನ ಕೂದಲಲ್ಲಿ. ಇಡೀ ಚಾಳಿಗೆ ಒಂದೇ ನಳ. ಅದರ ಸುತ್ತ ಪಾಚಿ, ಮುಸುರೆಯ ಅನ್ನದಗುಳು, ಯಾರೋ ಉಗುಳಿದ ಎಲೆ ಅಡಿಕೆ. ಉಳಿದವರೆಲ್ಲ ರೂಢಿಯಾಗುತ್ತದೆ ಎಂದು ಸಮಾಧಾನ ಹೇಳುತ್ತಿದ್ದರು. ಕಾಕು ಮಾತ್ರ ಇದು ರೂಢಿಯಾಗುವಂಥದ್ದಲ್ಲ, ರೂಢಿಯಾದರೆ ನಾವು ಮನುಷ್ಯರೇ ಅಲ್ಲ ಎನ್ನುತ್ತಿದ್ದಳು. ಸೆರಗಿನ ತುದಿಗೆ ಕರ್ಪೂರ ಕಟ್ಟಿಕೊಂಡು ಓಡಾಡುವಳು. ಹಾಲು ತಂದರೆ ಮೊದಲು ಮೂಸುವಳು. ಹೊಸ ಬಾಡಿಗೆಯವರು ಬಂದರೂ ಹತ್ತಿರ ಹೋಗಿ ಒಂದು ಸಲ ಮೂಸಿಯೇ ಮಾತಾಡಿಸುವಳೆಂದು ನಾವು ನಗುತ್ತಿದ್ದೆವು. ನನಗೆ ಆಕೆ ಹಿಡಿಸಿದ್ದು ಇದಕ್ಕೇ. ನನ್ನ ಹೇಸಿಗೆಯನ್ನು ಬಾಯಿಬಿಟ್ಟು ಹೇಳುವವರು ಒಬ್ಬರಾದರೂ ಇದ್ದರಲ್ಲ.

ಆಕೆಯ ದೊಡ್ಡ ಜಗಳ ಕೆಳಗಿನ ಸಾಲಿನಲ್ಲಿದ್ದ, ಚಾಳಿನವರೆಲ್ಲ ಬಾಯಿ ಎಂದೇ ಕರೆಯುತ್ತಿದ್ದ ಹೆಂಗಸಿನ ಜೊತೆ. ಬಾಯಿ ಹಳಿಯಾಳದ ಕಡೆಯ ಸಿದ್ದಿ ಹೆಂಗಸು, ಕ್ರಿಸ್ತರವಳು. ಗಂಡ ಲಾರಿಯಿಂದ ಬಿದಿರು ಇಳಿಸುತ್ತಿದ್ದ. ಅವಳು ಅಂಗಳದಲ್ಲಿ ಮೀನು ಒಣಹಾಕಿದ ದಿನ ಕಾಕು ನಮ್ಮ ಕಿಟಕಿಯನ್ನೂ ತಾನೇ ಬಂದು ಮುಚ್ಚುತ್ತಿದ್ದಳು.

ನನ್ನ ಮೊದಲ ಬಸಿರು ನಿಂತಿರಲಿಲ್ಲ. ಎರಡನೆಯದಕ್ಕೆ ಏಳನೆಯ ತಿಂಗಳು ಹಿಡಿದಾಗ ಕುಬಸದ, ಅಂದರೆ ಸೀಮಂತದ, ಮಾತು ಬಂತು. ನಮ್ಮಲ್ಲಿ ಕುಬಸಕ್ಕೆ ತವರಿನ ಹಸಿರು ಸೀರೆಯೇ ಆಗಬೇಕು, ತವರಿನ ಬುತ್ತಿಯೇ ಆಗಬೇಕು. ನಾನು ಬಸ್ಸಿನಲ್ಲಿ ಕುಲುಕಾಡಬಾರದೆಂದು ಅವ್ವನೇ ಧಾರವಾಡದ ಕಡೆಯಿಂದ ಎರಡನ್ನೂ ಹೊತ್ತುಕೊಂಡು ಹೊರಟಳು. ಬುತ್ತಿಗೆ ಯಾರ ಕಾಲೂ ತಾಗಬಾರದು, ಯಾರ ಕಣ್ಣೂ ಬೀಳಬಾರದು ಎಂದು ಅವಳ ಹಟ. ಕಂಡಕ್ಟರನ ಹತ್ತಿರ ಜಗಳ ತೆಗೆದು ಗಂಟನ್ನು ಬಸ್ಸಿನ ಮೇಲೆ ಹಾಕಿಸಿದಳಂತೆ. ಅಳ್ನಾವರದಲ್ಲಿ ರೈಲಿನಿಂದ ಇಳಿದ ಮೀನಿನ ಬುಟ್ಟಿಯನ್ನು ಯಾರೋ ತಂದು ಅದರ ಮೇಲೆಯೇ ಇಟ್ಟರು. ದಾಂಡೇಲಿಯವರೆಗೂ ಬುಟ್ಟಿಯಿಂದ ಸೋರಿದ ನೀರು ಗಂಟಿನೊಳಗೆ ಇಳಿಯಿತು.

ಅವ್ವ ನಮ್ಮ ಕಟ್ಟೆಯ ಮೇಲೆ ಗಂಟು ಬಿಚ್ಚಿದಾಗ ಹೋಳಿಗೆಗಳು ಬೂದು ಬಣ್ಣಕ್ಕೆ ತಿರುಗಿ ಒಂದಕ್ಕೊಂದು ಅಂಟಿದ್ದವು. ಮೊಸರನ್ನದ ಮೇಲೆ ಮೀನಿನ ಹುರುಪೆ ತೇಲುತ್ತಿತ್ತು. ಸೀರೆಯ ಮಡಿಕೆಯೊಳಗೆಲ್ಲ ಲೋಳೆ. ಈರುಳ್ಳಿಯನ್ನೂ ಸೋಮವಾರ ಮುಟ್ಟದ ಅವ್ವ ಅದರೊಳಗೆ ಕೈ ಇಟ್ಟು ಕೂತಿದ್ದಳು. ನಾನು ಚರಂಡಿಗೆ ಹೋಗಿ ಕಾರಿಕೊಂಡೆ.

ಚಾಳಿನ ಹೆಂಗಸರು ಮೂಗಿಗೆ ಸೆರಗು ಹಿಡಿದು ಸುತ್ತ ನಿಂತರು. ಒಬ್ಬಳು ಅಪಶಕುನ ಎಂದಳು. ಇನ್ನೊಬ್ಬಳು, ಹೋದ ಸಲವೂ ಇವಳಿಗೆ ಏಳಕ್ಕೇ ಅಲ್ಲವೇ ಹೋದದ್ದು ಎಂದು ನನಗೆ ಕೇಳುವಂತೆಯೇ ಕೇಳಿದಳು. ಯಾರೂ ಒಂದು ತಂಬಿಗೆ ನೀರು ತರಲಿಲ್ಲ, ಅಲ್ಲಿಂದ ಹೋಗಲೂ ಇಲ್ಲ. ಮೀನಿನ ನೀರಿಗಿಂತ ಆ ಮುಖಗಳು ನನಗೆ ಹೆಚ್ಚು ಹೇಸಿಗೆ ಹುಟ್ಟಿಸಿದವು. ಇಂದಿಗೂ ನೆನೆದರೆ ನಾಲಿಗೆ ಕಹಿಯಾಗುತ್ತದೆ. ಅವ್ವ ಅಳುತ್ತ, ದೇವರಿಗೇ ಮನಸ್ಸಿಲ್ಲ, ನಾಳೆಯ ಕಾರ್ಯ ಬೇಡ, ಬೆಳಗಿನ ಬಸ್ಸಿಗೆ ಹೋಗುತ್ತೇನೆ ಎಂದಳು. ನಾಳೆ ಬಿಟ್ಟರೆ ಅಮಾವಾಸ್ಯೆ, ಅದು ದಾಟಿದರೆ ಏಳನೆಯ ತಿಂಗಳೇ ಮುಗಿಯಿತು. ಕುಬಸ ತಪ್ಪಿದರೆ ಈ ಕೂಸೂ ಉಳಿಯುವುದಿಲ್ಲ ಎಂದು ನನ್ನ ಮನಸ್ಸು ಆಗಲೇ ನಂಬಿಬಿಟ್ಟಿತ್ತು. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಗೋಡೆಗೆ ಒರಗಿದೆ.

ಆಗ ಕಾಕು ಹೊರಗೆ ಬಂದಳು. ನತ್ತು ತುಟಿಗೆ ಹತ್ತಿತ್ತು. ಥೂ ಎಂದು ಉಗುಳಿ, ಸೀರೆ ಮೇಲಕ್ಕೆ ಸಿಕ್ಕಿಸಿ, ಬುತ್ತಿಯನ್ನು ಎರಡೂ ಕೈಯಲ್ಲಿ ಬಾಚಿಕೊಂಡು ದೂರದ ತಿಪ್ಪೆಗೆ ಹಾಕಿ ಬಂದಳು. ಆಮೇಲೆ ಹಸಿರು ಸೀರೆಯನ್ನು ನಳದ ಕೆಳಗೆ ಹಿಡಿದಳು. ಸೋಪು ಹಚ್ಚುವಳು, ಮೂಸುವಳು, ಬೈಯುವಳು, ಮತ್ತೆ ಹಚ್ಚುವಳು. ವಾಸನೆ ಜಪ್ಪಯ್ಯ ಅಂದರೂ ಹೋಗಲಿಲ್ಲ. ಕೊನೆಗೆ ಒದ್ದೆ ಸೀರೆಯನ್ನು ಹೆಗಲಿಗೆ ಹಾಕಿಕೊಂಡು, ಎಂದೂ ತುಳಿಯದ ಬಾಯಿಯ ಬಾಗಿಲಿಗೆ ಹೋಗಿ ನಿಂತಳು. ನಿನ್ನ ಮೀನಿನ ವಾಸನೆ ಹೆಂಗ ತೆಗೀತಿ ಹೇಳು ಎಂದು ಜಗಳದ ದನಿಯಲ್ಲೇ ಕೇಳಿದಳು.

ಬಾಯಿ ನಗುತ್ತಲೇ ಹೊರಗೆ ಬಂದಳಂತೆ. ಬಿಸಿನೀರು ತೋರಿಸಲೇಬಾರದು, ವಾಸನೆ ಅಲ್ಲೇ ಕೂತುಬಿಡುತ್ತದೆ ಎಂದು ಅಂಟವಾಳದ ನೊರೆ ಮಾಡಿಕೊಟ್ಟಳು, ನಿಂಬೆಹಣ್ಣು ಹಿಂಡಿದಳು. ಸೀರೆಯ ಒಂದು ತುದಿ ಅವಳು, ಇನ್ನೊಂದು ತುದಿ ಕಾಕು ಹಿಡಿದು ಹಿಂಡಿದರು. ನಾನು ಹತ್ತಿರ ಹೋಗಿ ನಿಂತಾಗ ಕಾಕುವಿನ ಉಗುರಿನಲ್ಲೆಲ್ಲ ಹುರುಪೆ ಸಿಕ್ಕಿತ್ತು.

“ಹೇಸಿಕಿ ಬರೂದಿಲ್ಲೇನ್ರಿ ಕಾಕು?” ಎಂದೆ.

“ಬರ್ತೈತಿ, ಯಾಕ ಬರೂದಿಲ್ಲ? ಬಂದ್ರ ಕೈ ನಿಂತಾವೇನು?” ಎಂದಳು.

ಕತ್ತಲಾಗುವುದರೊಳಗೆ ಆಕೆ ಚಾಳಿನ ಒಂದೊಂದೇ ಬಾಗಿಲಿಗೆ ಹೋಗಿ, ಚಂದಾಗಿ ನಿಂತು ನೋಡಿದಿರಲ್ಲ, ನೋಡಿದ್ದಕ್ಕೆ ಈಗ ಒಲೆ ಹಚ್ಚಿರಿ ಎಂದು ಬೈದು ಬಂದಳು. ಒಬ್ಬರಿಗೆ ಹೋಳಿಗೆ, ಒಬ್ಬರಿಗೆ ಕರಿಗಡಬು, ಒಬ್ಬರಿಗೆ ಸಜ್ಜೆ ರೊಟ್ಟಿ ಎಂದು ಹಂಚಿದಳು. ತವರಿನ ಬುತ್ತಿಯಲ್ಲವಲ್ಲ ಎಂದು ಅವ್ವ ಅನುಮಾನಿಸಿದಾಗ, ನೀವು ಉಪ್ಪು ಮುಟ್ಟಿ ಕೊಡಿರಿ, ಎಲ್ಲವೂ ತವರಿಂದೇ ಆಗುತ್ತದೆ ಎಂದಳು. ಅವ್ವ ಮನೆಮನೆಗೆ ಹೋಗಿ ಹಿಟ್ಟಿಗೆ ಚಿಟಿಕೆ ಉಪ್ಪು ಹಾಕಿ ಬಂದಳು. ಹೋಗುವಾಗ ಅಳುತ್ತಿದ್ದವಳು ಬರುವಾಗ ಯಾರದೋ ಮನೆಯ ಹೂರಣದ ರುಚಿ ಹೊಗಳುತ್ತಿದ್ದಳು.

ಮರುದಿನ ಬೆಳಗ್ಗೆ ಬಾಯಿ ಕೆಂಡದ ಮೇಲೆ ಲೋಬಾನ ಹಾಕಿ ಸೀರೆಗೆ ಹೊಗೆ ಕೊಟ್ಟಳು. ಅಂಚಿನ ಹತ್ತಿರ ಹಸಿರು ತುಸು ಮಾಸಿತ್ತು, ಅಷ್ಟೇ. ನಾನು ಉಟ್ಟು ಕೂತೆ. ಆರತಿಗೆ ಐದು ಜನ ಮುತ್ತೈದೆಯರು ಏಳಬೇಕು. ಕಾಕು ಬಾಗಿಲಲ್ಲಿ ನಿಂತಿದ್ದ ಬಾಯಿಯನ್ನು ಕೈ ಹಿಡಿದು ಒಳಗೆ ಎಳೆದಳು. ನಿನ್ನೆ ಅಪಶಕುನ ಎಂದಿದ್ದವಳು ಜಮಖಾನೆಯ ಮೇಲೆ ಹಿಂದಕ್ಕೆ ಸರಿದಳು.

“ಇಕಿ ಹಡದ ಮಕ್ಕಳೊಳಗ ಒಂದೂ ಹೋಗಿಲ್ಲ. ಈ ಕೂಸಿಗೆ ಇಕಿ ಕೈನ ಬೇಕು. ಮೂಗು ಮುರಿಯೂದಿದ್ರ ನಾ ಇದ್ದೇನಿ, ನೀವು ಸುಮ್ನ ಕುಂದರ್ರಿ” ಎಂದಳು ಕಾಕು.

ಬಾಯಿ ಆರತಿ ಎತ್ತಿ ನನ್ನ ತುಟಿಗೆ ಹೋಳಿಗೆ ಇಟ್ಟಳು. ಅವಳ ಬೆರಳಿನಲ್ಲಿ ಲೋಬಾನ, ಅದರಡಿಯಲ್ಲಿ ಒಂದಿಷ್ಟು ಮೀನು. ನಾನು ಹೋಳಿಗೆ ನುಂಗಿದೆ, ಇನ್ನೊಂದು ಬೇಡಿದೆ. ಬಸುರಿಯಾದ ಮೇಲೆ ಹೊಟ್ಟೆ ತೊಳಸದೆ ಉಂಡದ್ದು ಅಂದೇ. ಅವ್ವ ನಾಲ್ಕು ದಿನ ಉಳಿದು ಹೋದಳು. ಮಗಳು ಹುಟ್ಟಿದಳು, ಉಳಿದಳು. ಆದರೆ ಮೀನು ಒಣಹಾಕಿದ ದಿನ ಕಾಕು ಕಿಟಕಿ ಮುಚ್ಚುವುದೇನೂ ನಿಲ್ಲಲಿಲ್ಲ. ಬಾಯಿಯ ಎದುರಿಗೇ ಮುಚ್ಚುತ್ತಿದ್ದಳು. ಬಾಯಿ ಕೆಳಗಿನಿಂದ, ನಿಮ್ಮ ಗಿರಣಿಗಿಂತ ನನ್ನ ಮೀನೇ ವಾಸಿ ಎಂದು ಕೂಗುತ್ತಿದ್ದಳು.

ಎಷ್ಟೋ ವರ್ಷಗಳ ಮೇಲೆ ಕಾಕು ಹಾಸಿಗೆ ಹಿಡಿದಳು. ಗಂಡ ಹೋದ ಮೇಲೆ ನತ್ತು ತೆಗೆದಿದ್ದಳು, ತುಟಿಯ ಗುರುತು ಮಾತ್ರ ಉಳಿದಿತ್ತು. ಎಲ್ಲ ಹಾಸಿಗೆಯಲ್ಲೇ ಆಗುತ್ತಿತ್ತು. ಸೊಸೆ ಹತ್ತಿರ ಬಂದರೆ ಮೊಣಕಾಲು ಬಿಗಿದು ಗೋಡೆಗೆ ತಿರುಗುವಳು, ಮೈ ಮುಟ್ಟಗೊಡಳು. ಸೊಸೆ ಅಳುತ್ತ ನನ್ನನ್ನು ಕರೆಯಲು ಬಂದಳು. ಒಳಗೆ ಹೋದಾಗ ಆ ವಾಸನೆಗೆ ಮೂಗಿಗೆ ಹೋಗಿದ್ದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದೆ. ನೀರು, ಬಟ್ಟೆ ಇಟ್ಟುಕೊಂಡು ಪಕ್ಕದಲ್ಲಿ ಕೂತೆ.

“ಹೇಸಿಕಿ ಬರೂದಿಲ್ಲೇನ ನಿನಗ?” ಎಂದಳು, ಗೋಡೆಯ ಕಡೆಯಿಂದಲೇ.

ಇಲ್ಲ ಎಂದರೆ ಆ ಮೂಗು ಸುಳ್ಳನ್ನು ಹಿಡಿಯದೆ ಬಿಡುತ್ತಿರಲಿಲ್ಲ.

“ಬರ್ತೈತಿ ಕಾಕು. ಬಂದ್ರ ಕೈ ನಿಂತಾವೇನು?” ಎಂದೆ.

ಕಾಕು ಮೂಗು ಮುರಿದಳು. ಆಮೇಲೆ ಮೊಣಕಾಲು ಸಡಿಲಬಿಟ್ಟು ನನ್ನ ಕಡೆಗೆ ಹೊರಳಿದಳು.