ಏಳು ಮುಖಕ್ಕೆ ಒಂದೇ ಮೈ

ಬದುಕಿದ್ದಾಗ ಒಂದೂ ಫೋಟೊ ತೆಗೆಸಿಕೊಳ್ಳದೆ ಸತ್ತವರಿಗೆ ಮಳವಳ್ಳಿ ಸೀಮೆಯಲ್ಲಿ ಒಂದು ಕಾಲಕ್ಕೆ ಚಿಕ್ಕಣ್ಣನ ಸ್ಟುಡಿಯೋ ಒಂದೇ ಗತಿ. ತಿಥಿ ಹತ್ತಿರ ಬಂತೆಂದರೆ ಮನೆಯವರು ಯಾರದೋ ಮದುವೆಯ ಗುಂಪು ಫೋಟೊ ಹುಡುಕಿ ತರುತ್ತಿದ್ದರು. ಅದರ ಮೂಲೆಯಲ್ಲೆಲ್ಲೋ ಸತ್ತವರು ಕಡಲೆಕಾಳಿನಷ್ಟು ಮುಖ ತೋರಿಸಿಕೊಂಡು ನಿಂತಿರುತ್ತಿದ್ದರು. ಚಿಕ್ಕಣ್ಣ ಆ ಮುಖವನ್ನು ದೊಡ್ಡದು ಮಾಡಿ, ಕತ್ತರಿಸಿ, ತನ್ನ ಬಳಿ ಇದ್ದ ಒಂದು ಮೈಗೆ ಅಂಟಿಸಿ, ಅಂಟಿಸಿದ್ದು ಕಾಣದಂತೆ ಬಣ್ಣದ ಕುಂಚ ಆಡಿಸಿ, ಅದನ್ನೇ ಮತ್ತೊಮ್ಮೆ ಫೋಟೊ ಹೊಡೆದು ಕಟ್ಟು ಹಾಕಿಸಿ ಕೊಡುತ್ತಿದ್ದ. ಗಂಡಸರಿಗೆ ಕೋಟು ತೊಟ್ಟ ಮೈ. ಹೆಂಗಸರಿಗೆ ಚೌಕುಳಿ ಸೀರೆ ಉಟ್ಟು, ಕೈಗೆ ವಾಚು ಕಟ್ಟಿ, ಬೆತ್ತದ ಕುರ್ಚಿಯ ಮೇಲೆ ಕೂತ ಮೈ. ಜೀವಮಾನವೆಲ್ಲ ಬರಿಗಾಲಲ್ಲಿ ಗದ್ದೆ ತುಳಿದ ಮುದುಕಿ ಗೋಡೆಯ ಮೇಲೆ ಚಪ್ಪಲಿ ಮೆಟ್ಟಿಕೊಂಡು ಹೆಡ್‌ಮಿಸ್ಸಿನ ಹಾಗೆ ಕೂರುತ್ತಿದ್ದಳು. ಇದು ಎಲ್ಲರಿಗೂ ಗೊತ್ತಿದ್ದದ್ದೇ, ಯಾರಿಗೂ ಬೇಜಾರಿರಲಿಲ್ಲ. ಆ ಮೈ ಯಾರದು ಎಂದು ಮಾತ್ರ ಯಾರೂ ಕೇಳಿರಲಿಲ್ಲ.

ಕೇಳಿದವಳು ಸುನಿತಾ. ಮೂವತ್ತನಾಲ್ಕರ ಹೆಣ್ಣುಮಗಳು, ಮೈಸೂರಲ್ಲಿ ಚಿತ್ರಕಲೆ ಓದಿದವಳು. ಹೊಟ್ಟೆಪಾಡಿಗೆ ಮದುವೆ ಆಲ್ಬಂ ಡಿಸೈನ್ ಮಾಡುತ್ತಾಳೆ. ಉಳಿದ ಹೊತ್ತಿನಲ್ಲಿ ಊರೂರು ಸುತ್ತಿ ಹಳೇ ಫೋಟೊ, ನೆಗೆಟಿವ್, ಮದುವೆ ಕಾಗದ, ಸ್ಕೂಲಿನ ಗುಂಪು ಪಟ ಎಲ್ಲವನ್ನೂ ಕಾಪಿ ತೆಗೆದು, ನಂಬರ್ ಹಾಕಿ ಜೋಡಿಸಿಡುತ್ತಾಳೆ. ಅವನ್ನು ಹಳೇ ಸೀರೆಯ ಮೇಲೆ ಅಚ್ಚು ಹಾಕುತ್ತಾಳೆ, ಬಿಸಿಲಿಗಿಟ್ಟು ನೀಲಿ ಚಿತ್ರ ಮೂಡಿಸುತ್ತಾಳೆ, ಪಟದ ಪಕ್ಕದಲ್ಲಿ ಮನೆಯವರ ಮಾತನ್ನು ರೆಕಾರ್ಡ್ ಮಾಡಿ ಕೇಳಿಸುತ್ತಾಳೆ. ಇಷ್ಟನ್ನೂ ಊರಿನವರಿಗೆ ಬಿಡಿಸಿ ಹೇಳುವುದು ಅವಳ ಕೈಲಿ ಆಗಿಲ್ಲ. ಊರಿನವರೇ ಅವಳಿಗೆ ‘ಸತ್ತೋರ ಫೋಟೊ ಸುನಿತ’ ಎಂದು ಹೆಸರಿಟ್ಟು ಕೆಲಸ ಸುಲಭ ಮಾಡಿಕೊಂಡಿದ್ದಾರೆ. ಒಂದೂರಲ್ಲಂತೂ ಒಬ್ಬ ಅಜ್ಜಿ, ಈ ಹುಡುಗಿ ರೇಷನ್ ಕಾರ್ಡಿನಿಂದ ಸತ್ತವರ ಹೆಸರು ಹೊಡೆಯಲು ಬಂದಿದ್ದಾಳೆಂದು ತಿಳಿದು, ಗಂಡನ ಪಟವನ್ನು ರಾಗಿ ಮೂಟೆಯ ಹಿಂದೆ ಬಚ್ಚಿಟ್ಟು, “ನಮ್ಮನೇಲಿ ಯಾರೂ ಸತ್ತಿಲ್ಲ ಕಣವ್ವ, ಎಲ್ರೂ ಚೆಂದಾಗವ್ರೆ” ಅಂದಿದ್ದಳು.

ಅವಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಸುತ್ತುವವನು ಅಪ್ಪ ಮರಿಸಿದ್ದಯ್ಯ. ಕರೆಂಟು ಇಲಾಖೆಯಲ್ಲಿ ಲೈನ್‌ಮ್ಯಾನ್ ಆಗಿದ್ದು ನಿವೃತ್ತನಾದವನು. ತಾಲ್ಲೂಕಿನಲ್ಲಿ ಅವನು ಹತ್ತದ ಕಂಬವಿಲ್ಲ. “ನಿಮ್ಮನೆಗೆ ಮದ್ವೆ ದಿನ ಕರೆಂಟ್ ಓಗಿತ್ತಲ್ಲ, ಯಾರು ಬಂದು ಆಕ್ಕೊಟ್ಟಿದ್ದು?” ಎಂದು ಶುರು ಮಾಡಿದನೆಂದರೆ ಬಾಗಿಲು ತಾನಾಗಿ ತೆರೆಯುತ್ತಿತ್ತು. ಒಂದು ಮಾತು ಮಾತ್ರ ಅವನು ಮಗಳಿಗೆ ನಗುತ್ತಲೇ ಹೇಳಿದ್ದ: ಮೂವತ್ತು ವರ್ಷ ಈ ಮನೆಗಳ ಮೀಟರ್ ಬೋರ್ಡಿನವರೆಗೆ ಬಂದಿದ್ದನಂತೆ, ನಡುಮನೆ ನೋಡಿದ್ದು ಅವಳ ದೆಸೆಯಿಂದ. ದಲಿತ ಕೇರಿಯವನಿಗೆ ಅದಕ್ಕಿಂತ ಒಳಗೆ ಬಾ ಎಂದವರು ಆಗ ಕಡಿಮೆ.

ಮೊದಲು ಅನುಮಾನ ಬಂದದ್ದು ಕೊಕ್ಕರೆ ಬೆಳ್ಳೂರಿನಲ್ಲಿ. ಹುಣಸೆ ಮರದಡಿ ಸ್ಕೂಟರ್ ನಿಲ್ಲಿಸಬೇಡವೆಂದರೂ ಮರಿಸಿದ್ದಯ್ಯ ನಿಲ್ಲಿಸಿ, ಹೊರಗೆ ಬರುವಷ್ಟರಲ್ಲಿ ಹಕ್ಕಿಗಳು ಸೀಟಿಗೆ ಸುಣ್ಣ ಬಳಿದಿದ್ದವು. ಅಪ್ಪ ಹಕ್ಕಿಗಳನ್ನು ಬೈಯುತ್ತ ಒರೆಸುತ್ತಿದ್ದರೆ ಸುನಿತಾ ಫೋನು ಹಿಡಿದು ಅಲ್ಲೇ ನಿಂತುಬಿಟ್ಟಳು. ಆಗಷ್ಟೇ ತೆಗೆದ ಪಟದಲ್ಲಿದ್ದ ಅಜ್ಜಿಯ ಎಡಗೈ, ಹೋದ ವಾರ ಮಳವಳ್ಳಿಯಲ್ಲಿ ತೆಗೆದ ಪಟದಲ್ಲೂ ಇತ್ತು. ಅದೇ ವಾಚು, ಅದೇ ಹತ್ತು ಗಂಟೆ ಹತ್ತು ನಿಮಿಷ, ಕುರ್ಚಿಯ ತೋಳನ್ನು ಗಟ್ಟಿಯಾಗಿ ಹಿಡಿದ ಅದೇ ಬೆರಳು. ಆಮೇಲೆ ಹುಡುಕಿದಂತೆಲ್ಲ ಸಿಕ್ಕವು. ಆರು ಮನೆ, ಆರು ಮುಖ, ಮೈ ಒಂದೇ. ಏಳನೆಯದು ಸಿಕ್ಕಿದ್ದು ತಮ್ಮದೇ ಊರಿನ ಇಂದ್ರಮ್ಮನ ಮನೆಯಲ್ಲಿ, ಅವಳ ಅತ್ತೆ ಪಟ್ಟಲಮ್ಮನ ಪಟ.

“ನಮ್ಮತ್ತೆ ವಾಚು ಕಟ್ಟಿದ್ದೇ ಇಲ್ಲ ಕಣವ್ವ,” ಎಂದಳು ಇಂದ್ರಮ್ಮ. “ಟೈಮ್ ನೋಡಕ್ಕೂ ಬರ್ತಿರ್ನಿಲ್ಲ. ಆದ್ರೂ ಚೆಂದಾಗದೆ, ಬುಡು.”

ಮಂಡ್ಯದಲ್ಲಿ ತಿಂಗಳ ಕೊನೆಗೆ ಪ್ರದರ್ಶನ. ಏಳು ಪಟಗಳನ್ನೂ ಆಳೆತ್ತರಕ್ಕೆ ಹಳೇ ಸೀರೆಗಳ ಮೇಲೆ ಅಚ್ಚು ಹಾಕಿ ಸಾಲಾಗಿ ತೂಗುಹಾಕುವುದೆಂದು ಸುನಿತಾ ನಿಶ್ಚಯಿಸಿದ್ದಳು. ಎಂಟನೆಯ ಸೀರೆ ಆ ಮೈಯ ಒಡತಿಯದು. ಅವಳು ಸಿಗಬೇಕು, ಅವಳ ಮುಖ, ಅವಳ ಹೆಸರು ಅಲ್ಲಿರಬೇಕು. ಇಲ್ಲದಿದ್ದರೆ ಚಿಕ್ಕಣ್ಣ ಆಗ ಮಾಡಿದ್ದನ್ನೇ ತಾನು ಈಗ ಮಾಡಿದ ಹಾಗಾಗುತ್ತದೆ, ಮೈ ಇಟ್ಟುಕೊಂಡು ಮುಖ ಬಿಸಾಕಿದ ಹಾಗೆ. ಗುರುತು ಸಿಕ್ಕೀತೇ ಎಂದು ಅವ್ವ ಮಾಯಮ್ಮನಿಗೆ ತೋರಿಸೋಣವೆಂದರೆ, ಅವಳು “ಸತ್ತೋರ ಪಟ ನನ್ ಮುಂದೆ ಇಡೀಬ್ಯಾಡ” ಎಂದು ಒಂದನ್ನೂ ನೋಡಿರಲಿಲ್ಲ.

ಚಿಕ್ಕಣ್ಣನಿಗೆ ಈಗ ಎಂಬತ್ತೆರಡು. ಸ್ಟುಡಿಯೋ ಜಾಗದಲ್ಲಿ ಮಗನ ಜೆರಾಕ್ಸ್ ಅಂಗಡಿ ಇದೆ. ಹಿಂದಿನ ಕೋಣೆಯಲ್ಲಿ ಮುದುಕ, ಅಟ್ಟದ ಮೇಲೆ ಅವನ ನೆಗೆಟಿವ್ ಡಬ್ಬಗಳು. ಸುನಿತಾ ಏಳು ಪಟಗಳನ್ನೂ ಮುಂದಿಟ್ಟಾಗ ಅವನ ಮುಖ ಮದುವೆಮನೆಯ ಹಾಗಾಯಿತು.

“ಅಂಟು ಎಲ್ಲೈತೆ ತೋರ್ಸು ನೋಡುವ?” ಎಂದ ಹೆಮ್ಮೆಯಿಂದ.

“ಕಾಣಕಿಲ್ಲ ತಾತ. ಮೈ ಯಾರ್ದು ಅಂತ ಏಳಿ.”

ನೆನಪಿತ್ತು ಅವನಿಗೆ. ಯಾವುದೋ ಹಳ್ಳಿಯ ಹೆಣ್ಣುಮಗಳು ಕೆಲಸದ ಅರ್ಜಿಗೆ ಫೋಟೊ ಬೇಕೆಂದು ಒಬ್ಬಳೇ ಬಸ್ಸಿನಲ್ಲಿ ಬಂದಿದ್ದಳು. ಸೀರೆ, ಚಪ್ಪಲಿ, ವಾಚು ಎಲ್ಲ ಸ್ಟುಡಿಯೋದ್ದೇ. ವಾಚು ನಡೆಯುತ್ತಿರಲಿಲ್ಲ, ಗಿರಾಕಿಗಳಿಗೆ ಕಟ್ಟಲೆಂದೇ ಮೊಳೆಗೆ ನೇತುಹಾಕಿದ್ದು. ಕೂತ ಭಂಗಿ ಚೆನ್ನಾಗಿತ್ತೆಂದು ಪೂರ್ತಿ ಆಳನ್ನೇ ತೆಗೆದ, ಅರ್ಜಿಗೆ ಬೇಕಾದಷ್ಟು ಮುಖ ಮಾತ್ರ ಕತ್ತರಿಸಿ ಕೊಟ್ಟ. ಉಳಿದದ್ದು ಅವನ ಪಾಲಿಗೆ ಬಂತು. “ಅಲ್ಲಾಡದೆ ಕುಂತಿದ್ಲು ಕಣವ್ವ, ಮಾರಾಯ್ತಿ. ಅಂಥ ಮೈ ಆಮೇಕೆ ಸಿಕ್ಲಿಲ್ಲ.” ಹೆಸರು ಗೊತ್ತಿಲ್ಲ, ಊರೂ ಗೊತ್ತಿಲ್ಲ.

ನೆಗೆಟಿವ್ ಮಾತ್ರ ಇತ್ತು. ಮರಿಸಿದ್ದಯ್ಯ ಲುಂಗಿ ಮೇಲೆ ಕಟ್ಟಿ ಕಂಬ ಹತ್ತಿದಷ್ಟೇ ಉಮೇದಿನಿಂದ ಅಟ್ಟ ಹತ್ತಿ, ಒಂಬತ್ತನೇ ಡಬ್ಬದಲ್ಲಿ ಅದನ್ನು ಪತ್ತೆ ಮಾಡಿದ. ಬೆಳಕಿಗೆ ಹಿಡಿದರೆ ಕುರ್ಚಿ, ಸೀರೆ, ವಾಚು ಎಲ್ಲ ಇದ್ದವು. ಮುಖದ ಜಾಗದಲ್ಲಿ ದಪ್ಪಗೆ ಕೆಂಪು ಬಣ್ಣ. ಅಂಟಿಸುವ ಮುಖಕ್ಕೆ ಬಿಳಿ ಜಾಗ ಬರಲೆಂದು ಚಿಕ್ಕಣ್ಣನೇ ಬಳಿದದ್ದು.

ಸುನಿತಾ ನೆಗೆಟಿವ್ ಮೇಲೆ ಬಾಗಿದಳು. “ತಾತ, ಇದು ನೀರ್‌ಗೆ ಓಗೋ ಬಣ್ಣಾನಾ?”

“ಓಯ್ತದೆ. ಆದ್ರೆ ನಲವತ್ತೊರ್ಸದ್ದು. ಬಣ್ಣದ್ ಜೊತೇಲಿ ಮೇಲಿನ್ ಪದರಾನೂ ಕಿತ್ಕಂಡ್ ಬಂದ್ರೆ ಮುಖ ಒಂಟೋಯ್ತದೆ, ನೋಡು. ಇರೋದು ಇದೊಂದೆಯ.”

ತೊಳೆಯದಿದ್ದರೆ ಮುಖ ಎಂದೆಂದಿಗೂ ಕೆಂಪಿನಡಿಯಲ್ಲೇ. ತೊಳೆದು ಕೆಟ್ಟರೆ ಅದೂ ಇಲ್ಲ. ಸುನಿತಾ ಅಪ್ಪನ ಮುಖ ನೋಡಿದಳು. ಅಪ್ಪನಿಗೆ ಈ ವಿದ್ಯೆ ಗೊತ್ತಿಲ್ಲ, ಅವನು ಗೋಡೆಯ ಸ್ವಿಚ್ ನೋಡುತ್ತ ನಿಂತ. ಕೊನೆಗೆ ಅವಳೇ, “ತೊಳೀರಿ ತಾತ, ನೀವೇ ತೊಳೀಬೇಕು,” ಅಂದಳು.

ಟೀ ಲೋಟ ಹಿಡಿದರೆ ಅರ್ಧ ಚೆಲ್ಲುವ ಮುದುಕ ತಟ್ಟೆಗೆ ನೀರು ಹಾಕಿಸಿಕೊಂಡು, ಹತ್ತಿಯನ್ನು ಬೆರಳ ತುದಿಯಷ್ಟು ಹರಿದು ಅದ್ದಿದ. ಆಮೇಲೆ ಒಂದು ಹನಿಯೂ ಆಚೀಚೆ ಬೀಳಲಿಲ್ಲ. ಒಂದು ಸಲ ತಾಗಿಸುವುದು, ಹತ್ತಿ ಎಸೆಯುವುದು, ಹೊಸದು ತೆಗೆದುಕೊಳ್ಳುವುದು. ಹೀಗೇ ಅರ್ಧ ಗಂಟೆ. ಮುಂದಿನ ಅಂಗಡಿಯಲ್ಲಿ ಯಾರೋ ಆಧಾರ್ ಕಾರ್ಡಿಗೆ ಎರಡು ಕಡೆ ಜೆರಾಕ್ಸ್ ಕೇಳುತ್ತಿದ್ದರು. ಕೆಂಪು ತಿಳಿಯಾಗಿ, ಕರಗಿ, ಅದರಡಿಯಿಂದ ಕಪ್ಪು ಮುಖ, ಬಿಳಿ ಕೂದಲಿನ ಹೆಂಗಸೊಬ್ಬಳು ಎದ್ದು ಬಂದಳು. ಪದರ ಒಂದಿಷ್ಟೂ ಕಿತ್ತಿರಲಿಲ್ಲ.

ಸುನಿತಾ ಫೋನಿನಲ್ಲಿ ಫೋಟೊ ತೆಗೆದು ಕಪ್ಪನ್ನು ಬಿಳುಪು, ಬಿಳುಪನ್ನು ಕಪ್ಪು ಮಾಡಿದಳು. ಇಪ್ಪತ್ತೆರಡರ ಹುಡುಗಿ, ಹೆದರಿಕೆಯನ್ನು ಹಲ್ಲು ಕಚ್ಚಿ ನುಂಗಿಕೊಂಡು ಕ್ಯಾಮೆರಾವನ್ನೇ ದಿಟ್ಟಿಸುತ್ತಿದ್ದಳು. ಹೆಗಲ ಮೇಲಿಂದ ಬಗ್ಗಿದ ಮರಿಸಿದ್ದಯ್ಯ ಎರಡು ಸಲ ಕೆಮ್ಮಿದ.

“ಇದು ನಿಮ್ಮವ್ವ ಕಣಮ್ಮ,” ಅಂದ. “ಅಂಗನವಾಡಿ ಕೆಲ್ಸಕ್ಕೆ ಅರ್ಜಿ ಆಕ್ದಾಗ ಇಂಗೇ ಇದ್ಲು.”

ಮನೆಗೆ ಬಂದರೆ ಮಾಯಮ್ಮ ಅಂಗಳದಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ತನ್ನ ಪಟ ನೋಡಿದಳು, ಆಮೇಲೆ ಇಷ್ಟು ದಿನ ಬೇಡವೆಂದಿದ್ದ ಏಳನ್ನೂ ಒಂದೊಂದಾಗಿ ನೋಡಿದಳು. ಪಟ್ಟಲಮ್ಮನ ಮುಖ ಬಂದದ್ದೇ ಕಾಳಿನ ಮೊರ ಪಕ್ಕಕ್ಕಿಟ್ಟು ನಗತೊಡಗಿದಳು. ಕಣ್ಣಲ್ಲಿ ನೀರು ಬರುವ ತನಕ ನಕ್ಕಳು.

“ನನ್ನ ಜಗುಲಿ ಅತ್ತಕೆ ಬುಡದೆ ಇದ್ದೋಳು, ನನ್ ಮೈಮ್ಯಾಲೇ ಕುಂತವ್ಳಲ್ಲವ್ವ!” ಮತ್ತೆ ಗಂಡನ ಕಡೆ ತಿರುಗಿ, “ಆರ್ ತಿಂಗ್ಳಿಂದ ನೋಡ್ತಿದ್ಯಲ್ಲ ನೀನು, ಕಟ್ಕಂಡ್ ಎಂಡ್ರು ಕೈ ಗುರ್ತು ಸಿಕ್ಕಿಲ್ವಾ? ಬರೀ ಕರೆಂಟ್ ಕಂಬವೆ ನಿಂಗೆ ಗುರ್ತು ಸಿಗೋದು?”

ಮರಿಸಿದ್ದಯ್ಯ ಸ್ಕೂಟರ್ ಒರೆಸಲು ಹೊರಟುಹೋದ.

ಸುನಿತಾಳಿಗೆ ನಗಲಾಗಲಿಲ್ಲ. ಏಳು ಮನೆಯವರೂ ಪ್ರದರ್ಶನಕ್ಕೆ ಬಾಯಿಮಾತಿನ ಒಪ್ಪಿಗೆ ಕೊಟ್ಟಿದ್ದರು, ನಿಜ. ಆದರೆ ತಾವು ದಿನಾ ಹೂವಿಟ್ಟು ಕೈಮುಗಿಯುವ ಪಟದಲ್ಲಿ ಕತ್ತಿನಿಂದ ಕೆಳಗೆ ದಲಿತ ಕೇರಿಯ ಮಾಯಮ್ಮ ಇದ್ದಾಳೆಂದು ತಿಳಿದ ಮೇಲೂ ಒಪ್ಪುತ್ತಾರೆಯೇ? ಉಳಿದವರ ಮಾತು ಆಮೇಲೆ, ಇದೇ ಊರಿನ ಇಂದ್ರಮ್ಮ ಪಟ ಕೊಡಲ್ಲ ಅಂದರೆ ಎಲ್ಲರೂ ಅದನ್ನೇ ಹೇಳುತ್ತಾರೆ. ಮುಖ ಹಾಕಿ, ಹೆಸರು ಬಿಟ್ಟರೆ ಹೇಗೆ ಎಂದು ಅವಳು ಮೆಲ್ಲಗೆ ಕೇಳಿದಳು. ಕೇಳುವಾಗಲೇ ಅವಳಿಗೆ ನಾಚಿಕೆಯಾಯಿತು.

“ಎಸ್ರು ಆಕ್ದೆ ಇದ್ರೆ ಮುಖಾನೂ ಆಕ್ಬ್ಯಾಡ,” ಎಂದಳು ಮಾಯಮ್ಮ. “ನಡಿ, ಇಂದ್ರವ್ವಂಗೆ ನಾನೇ ಏಳ್ತೀನಿ.”

ಇಂದ್ರಮ್ಮನ ಮೂರು ಮಕ್ಕಳೂ ಮಾಯಮ್ಮನ ಅಂಗನವಾಡಿಯಲ್ಲೇ ಉಪ್ಪಿಟ್ಟು ತಿಂದು ಅಆಇಈ ಕಲಿತವರು. ಹಾಗಾಗಿ ಬಾ, ಕೂತ್ಕೊ ಎಂಬುದಕ್ಕೆ ಈಗ ಕೊರತೆಯಿಲ್ಲ. ಮಾಯಮ್ಮ ಕೂರಲಿಲ್ಲ. ತಂದಿದ್ದ ಪಟವನ್ನು ಗೋಡೆಯ ಪಟದ ಪಕ್ಕಕ್ಕೆ ಹಿಡಿದಳು.

“ಇಂದ್ರವ್ವ, ನೋಡು. ಇದು ನಾನು. ನಿಮ್ಮತ್ತೆ ಮುಖದ್ ಕೆಳಗಿರದೂ ನಾನೇಯ.”

ಇಂದ್ರಮ್ಮ ಅದನ್ನು ನೋಡಿದಳು, ಇದನ್ನು ನೋಡಿದಳು. ಹತ್ತಿರ ಬಂದು ಮಾಯಮ್ಮನ ಎಡಗೈ ಬೆರಳು ನೋಡಿದಳು. ನಗಲಿಲ್ಲ. ಕುರ್ಚಿ ಎಳೆದು ಹತ್ತಿ, ಹಾರ ತೆಗೆದಿಟ್ಟು, ಮೊಳೆಯಿಂದ ಪಟವನ್ನು ಇಳಿಸಿಬಿಟ್ಟಳು. ಮುಗೀತು ಎಂದುಕೊಂಡಳು ಸುನಿತಾ. ಅವಳ ಕಾಲು ಬಾಗಿಲ ಕಡೆ ತಿರುಗಿತ್ತು.

ಇಂದ್ರಮ್ಮ ಪಟವನ್ನು ತೊಡೆಯ ಮೇಲಿಟ್ಟುಕೊಂಡು ಕೂತು ಸೆರಗಿನಿಂದ ಗಾಜು ಒರೆಸಿದಳು. ಮುಖದ ಮೇಲಿನ ಕುಂಕುಮ, ಕೈಯ ಮೇಲೆ ಉದುರಿದ್ದು, ಪಾದದ ಹತ್ತಿರ ಕಟ್ಟಿದ್ದು, ಎಲ್ಲ ಒರೆಸಿದಳು.

“ನಮ್ಮತ್ತೆ ನಿನ್ನ ಒಳೀಕೆ ಬುಡ್ತಿರ್ನಿಲ್ಲ,” ಎಂದಳು ಕೊನೆಗೆ.

“ಊ. ಬೀದೀಲೇ ನಿಂತ್ಕಂಡು ಮಕ್ಳೆಸ್ರು ಬರ್ಕಂಡೋಗ್ತಿದ್ದೆ.”

“ನಾನೂ ನೋಡ್ಕಂಡು ಸುಮ್ಕಿದ್ದೆ.” ಇಂದ್ರಮ್ಮ ಗಾಜಿನ ಮೂಲೆಯನ್ನು ಇನ್ನೊಮ್ಮೆ ಒರೆಸಿದಳು. ಆಮೇಲೆ ಅವಳ ತುಟಿಯ ಕೊನೆ ಅಲುಗಿತು. “ಇದೇನಾರ ಗೊತ್ತಾಗಿದ್ರೆ ಮುದ್ಕಿ ಗೋಡೆ ಇಳ್ದು ಓಡೋಗ್ಬುಡೋಳು ಕಣೆ, ಮಾಯಮ್ಮ!”

“ಎಂಗೋಡ್ತಾಳೆ ಇಂದ್ರವ್ವ?” ಎಂದಳು ಮಾಯಮ್ಮ. “ಕಾಲು ನನ್ನವಲ್ವಾ!”

ಇಂದ್ರಮ್ಮನಿಗೆ ತಡೆಯಲಾಗಲಿಲ್ಲ. ತೊಡೆಯ ಮೇಲಿನ ಪಟವೂ ಕುಲುಕುವಂತೆ ನಕ್ಕಳು. ನಗುತ್ತಲೇ ಸುನಿತಾಳ ಕೈಯಿಂದ ಪೆನ್ನು ಕಿತ್ತುಕೊಂಡು ಒಪ್ಪಿಗೆ ಕಾಗದಕ್ಕೆ ಸಹಿ ಹಾಕಿ, “ಬರ್ಕವ್ವ,” ಎಂದಳು. “ಮುಖ ಪಟ್ಟಲಮ್ಮಂದು, ಮಿಕ್ಕಿದ್ದೆಲ್ಲ ಮಾಯಮ್ಮಂದು.”